ಹಾಡಿನ ಪುಸ್ತಕದಲ್ಲಿ ಇರದ ಕೊನೆ

ಸಿನಿಮಾ ನೋಡುವುದು ಪಾಪ ಎಂದು ನಾನು ಸಿಂದಗಿಯ ಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿದೆ. ಅದೇ ವರ್ಷಗಳಲ್ಲಿ ಪಕ್ಕದ ಇಂಡಿ ಊರಿನ ಟೆಂಟಿನಲ್ಲಿ ಬಂದ ಸಿನಿಮಾಗಳನ್ನು ಬಹಳ ಬಿಟ್ಟವನೂ ಅಲ್ಲ. ಎರಡನ್ನೂ ಮನಸ್ಸಿಟ್ಟು ಮಾಡಿದೆ. ಬೋಧಿಸುವಾಗ ಸಿನಿಮಾ ನೆನಪಾಗುತ್ತಿರಲಿಲ್ಲ, ಸಿನಿಮಾ ನೋಡುವಾಗ ಬೋಧನೆ ನೆನಪಾಗುತ್ತಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬದುಕಿದವನು ಈ ವಯಸ್ಸಿನಲ್ಲಿ ಯಾಕೆ ತಪ್ಪೊಪ್ಪಿಕೊಳ್ಳಲು ಕೂತಿದ್ದಾನೆ ಎಂದು ಕೇಳಬಹುದು. ಸಿನಿಮಾ ನೋಡಿದ್ದಕ್ಕಾಗಿ ಅಲ್ಲ. ಅದರ ಬಗ್ಗೆ ಮಕ್ಕಳೊಂದಿಗೆ ಚರ್ಚೆ ಮಾಡಿದ್ದಕ್ಕಾಗಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತಾಲೂಕು ಕಚೇರಿಯಲ್ಲಿ ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸುವುದು, ಹೋಗುವ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸುವುದು. ಎಸ್ಸೆಸ್ಸೆಲ್ಸಿ ಪಾಸಾದವನಿಂದ ಸರಕಾರ ಅದಕ್ಕಿಂತ ಹೆಚ್ಚಿನದನ್ನು ಕೇಳಲಿಲ್ಲ, ನಾನೂ ಕೊಡಲಿಲ್ಲ. ವಾರಕ್ಕೊಮ್ಮೆ ಇಂಡಿಯ ಪ್ರಾಂತ ಸಾಹೇಬರ ಕಚೇರಿಗೆ ಕಾಗದದ ಗಂಟು ಒಯ್ಯಬೇಕಿತ್ತು. ಸಂಜೆ ಸಿಂದಗಿಗೆ ಹೊರಡುವ ಕಡೆಯ ಬಸ್ಸು ತಪ್ಪಿತೆಂದು ಮನೆಯಲ್ಲಿ ಹೇಳುತ್ತಿದ್ದೆ. ಆ ಬಸ್ಸು ನನ್ನನ್ನು ಬಿಟ್ಟು ಹೋದದ್ದು ಒಮ್ಮೆಯೂ ಇಲ್ಲ. ಅದು ನಿಲ್ದಾಣದಲ್ಲಿ ಹಾರನ್ನು ಬಾರಿಸುತ್ತ ನಿಂತಾಗಲೇ ನಾನು ಟೆಂಟಿನ ಕಡೆ ನಡೆಯುತ್ತಿದ್ದೆ.

"ಇಂಡಿ ಬಸ್ಸಿಗೆ ನಿಮ್ಮ ಮ್ಯಾಲ ಏನ್ ಸಿಟ್ಟೈತ್ರಿ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. "ಮಂದಿಗೆಲ್ಲಾ ಸಿಗತೈತಿ, ನಿಮಗಷ್ಟ ತಪ್ಪತೈತಿ."

ಅವಳಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮರುದಿನ ನನ್ನ ಪಂಚೆಗೆ ಹತ್ತಿದ್ದ ನೆಲದ ಧೂಳನ್ನು ಒಗೆದವಳು ಅವಳೇ. ಪರಿಚಯದ ಗುಮಾಸ್ತರು ಖುರ್ಚಿಯಲ್ಲಿ ಕೂಡುತ್ತಿದ್ದರಿಂದ ನಾನು ನೆಲದ ಟಿಕೀಟು ತೆಗೆದುಕೊಂಡು, ಟವೆಲ್ಲನ್ನು ಕಿವಿಯವರೆಗೆ ಸುತ್ತಿಕೊಂಡು, ಜನರ ಮೊಳಕಾಲುಗಳ ನಡುವೆ ತೂರಿ ಕೂಡುತ್ತಿದ್ದೆ.

ನಮ್ಮ ಸಭೆ ಅಂದರೆ ಹದಿನಾಲ್ಕು ಕ್ರೈಸ್ತ ಮನೆಗಳು ಮತ್ತು ಮಣ್ಣಿನ ಮಾಳಿಗೆಯ ಒಂದು ಪ್ರಾರ್ಥನಾಲಯ. ಪಾದ್ರಿಗಳು ಬಿಜಾಪುರದಿಂದ ಬರುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕು ಊರಿಗೆ ತಿಂಗಳ ನಾಲ್ಕು ರವಿವಾರ ಹಂಚಿಟ್ಟಿದ್ದರು. ಐದು ರವಿವಾರ ಇದ್ದ ತಿಂಗಳಲ್ಲಿ ಹೆಂಡತಿ ಮಕ್ಕಳಿಗೂ ಒಂದು ಸಿಗುತ್ತಿತ್ತು. ಅವರು ಬರದ ರವಿವಾರಗಳಲ್ಲಿ ಸಭೆಯ ಹಿರಿಯನಾದ ನಾನೇ ಪ್ರಾರ್ಥನೆ ನಡೆಸಬೇಕು, ನಾನೇ ಮಕ್ಕಳ ಸಾಲೆ ನಡೆಸಬೇಕು. ಮಕ್ಕಳು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಕಚೇರಿಯಲ್ಲಿ ಜವಾನನೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದುದರಿಂದ ನನಗೆ ಆ ಒಂದು ದಿನ ಬಹಳ ಬೇಕಾಗಿತ್ತು.

ಸಭೆಯಲ್ಲಿ ಎಲ್ಲರೂ ಜಮಖಾನದ ಮೇಲೆ ಕೂಡುತ್ತಿದ್ದರು. ತಪ್ಪು ಮಾಡಿದವರು ಮಾತ್ರ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಗೋಣಿತಟ್ಟಿನ ಮೇಲೆ ಕೂಡಬೇಕು. ಅಷ್ಟು ದಿನ ಅವರಿಗೆ ಕರ್ತನ ಭೋಜನದ ರೊಟ್ಟಿ ಇಲ್ಲ. ಕುಡಿದವನಿಗೆ ನಾಲ್ಕು ವಾರ ತಟ್ಟು, ಸಿನಿಮಾ ನೋಡಿದವನಿಗೆ ಮೂರು ವಾರ. ಹೆಂಡತಿಯನ್ನು ಹೊಡೆದವನಿಗೆ ಏನೂ ಇಲ್ಲ, ಅದು ಮನೆಯ ವಿಷಯ. ಈ ಲೆಕ್ಕವನ್ನು ನನಗಿಂತ ಹಿಂದಿನವರು ಮಾಡಿಟ್ಟಿದ್ದರು. ನಾನು ತಟ್ಟನ್ನು ಝಾಡಿಸಿ ಹಾಸುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಡದೆ ಮಾಡುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಪಾದ್ರಿಗಳು ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ತಂದರು. ದೊಡ್ಡ ಊರಿನ ಯಾರೋ ದೊಡ್ಡವರು ಬರೆದದ್ದು. ಕುಟುಂಬದ ಸಿನಿಮಾವನ್ನು ಮಕ್ಕಳಿಗೆ ತೋರಿಸಿ, ವಿಶ್ವಾಸಿಗಳ ದೃಷ್ಟಿಯಿಂದ ಅದರ ಬಗ್ಗೆ ಅವರೊಂದಿಗೆ ಮಾತನಾಡುವುದು ಹೇಗೆ ಎಂದು ಅದರಲ್ಲಿ ಹತ್ತು ಪ್ರಶ್ನೆಗಳಿದ್ದವು. ಒಂದು ಪ್ರಶ್ನೆ, ಈ ಕುಟುಂಬದವರು ಊಟದ ಮೇಜಿನ ಸುತ್ತ ಕೂತು ಏನು ಮಾತನಾಡಿಕೊಂಡರು ಎಂಬುದು. ನಮ್ಮ ಹದಿನಾಲ್ಕು ಮನೆಗಳಲ್ಲಿ ಒಂದು ಮೇಜೂ ಇರಲಿಲ್ಲ. ಹಾಳೆಯ ಹಿಂಬದಿಯಲ್ಲಿ, ಕೆಳಗೆ, ಮಸಿ ಅರ್ಧ ಹತ್ತಿದ್ದ ಒಂದು ಸಾಲಿತ್ತು: ಮಕ್ಕಳು ಏನೇ ಉತ್ತರ ಕೊಟ್ಟರೂ ಅದಕ್ಕಾಗಿ ಅವರನ್ನು ಶಿಕ್ಷಿಸಬಾರದು. ಆ ಸಾಲನ್ನು ನಾನು ಓದಿದ್ದೆ. ನೋಡಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

"ಬರೇ ಬ್ಯಾಡ ಬ್ಯಾಡ ಅಂದ್ರ ಹುಡುಗರು ಬಿಡೂದಿಲ್ಲ," ಅಂದರು ಪಾದ್ರಿಗಳು. "ಟೆಂಟಿಗೆ ಒಂದು ಸಂಸಾರದ ಸಿನಿಮಾ ಬರಾಕತ್ತೈತಂತ, ಚೊಲೊ ಐತಂತ. ನೀವ ಕರಕೊಂಡು ಹೋಗ್ರಿ. ಆಮ್ಯಾಲ ಕೂಡಿಸಿಕೊಂಡು ಮಾತಾಡ್ರಿ."

"ನಾ ಇವತ್ತಿನತನಾ ಟೆಂಟಿನ ಬಾಗಲಾ ತುಳದವನಲ್ರಿ."

"ಅದಕ್ಕ ಈಗ ತುಳೀರಿ ಅನ್ನಾಕತ್ತೇನಿ."

"ಹುಡುಗರು ಕೆಡ್ತಾವ್ರಿ. ಕಥಿ ನಾನ ಹೇಳಿ ಚರ್ಚಾ ಮಾಡಿಸ್ತೇನಿ."

"ನೋಡಲಾರದ ಕಥಿ ಹೆಂಗ ಹೇಳ್ತೀರಿ?"

"ಹಾಡಿನ ಪುಸ್ತಕ ಮಾರ್ತಾರಲ್ರಿ, ಅದರಾಗ ಬರದಿರ್ತಾರ."

ಪಾದ್ರಿಗಳು ನನ್ನ ಭಕ್ತಿಯನ್ನು ಮೆಚ್ಚಿ ತಲೆ ಆಡಿಸಿದರು. ಆ ಸಿನಿಮಾವನ್ನು ನಾನು ಹಿಂದಿನ ಎರಡು ವಾರ ಇಂಡಿಯಲ್ಲಿ ಎರಡು ಸಲ ನೋಡಿದ್ದೆ. ಎರಡು ಸಲವೂ ಅತ್ತಿದ್ದೆ.

ಕಥೆ ಇಷ್ಟು. ಅಣ್ಣ ದುಡಿದು ತಮ್ಮನನ್ನು ಓದಿಸುತ್ತಾನೆ. ತಮ್ಮನ ಹೆಂಡತಿ ಅತ್ತೆಯ ಬಂಗಾರದ ಸರವನ್ನು ಬಚ್ಚಿಟ್ಟು ಅಣ್ಣನ ಮೇಲೆ ಕಳವು ಹೊರಿಸುತ್ತಾಳೆ. ತಮ್ಮನಿಗೆ ನಿಜ ಗೊತ್ತು, ಬಾಯಿ ಬಿಡುವುದಿಲ್ಲ. ಅಣ್ಣ ಉಟ್ಟ ಬಟ್ಟೆಯಲ್ಲಿ ಮನೆ ಬಿಡುತ್ತಾನೆ. ವರ್ಷಗಳ ನಂತರ ತಮ್ಮ ಹುಡುಕಿಕೊಂಡು ಹೋದಾಗ ಅಣ್ಣ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ. ತಮ್ಮ ಕಾಲಿಗೆ ಬೀಳುತ್ತಾನೆ. ಅಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧ ಅವನಿಗೆ ಕೊಡುತ್ತಾನೆ. ಅಲ್ಲಿಗೆ ಇಂಡಿಯ ಟೆಂಟಿನಲ್ಲಿ ಹೆಂಗಸರ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಎದ್ದಿತ್ತು. ನನ್ನ ಟವೆಲ್ಲು ಅಲ್ಲಿ ಎರಡು ಕೆಲಸಕ್ಕೆ ಬಂತು.

ಇನ್ನು ಆ ಹುಡುಗಿಯ ವಿಷಯ. ಹದಿಮೂರು ವರ್ಷದವಳು. ತಂದೆ ಇರಲಿಲ್ಲ, ತಾಯಿ ಸರಕಾರಿ ದವಾಖಾನೆಯಲ್ಲಿ ಆಯಾ. ಆ ವರ್ಷ ಅವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಮ್ಮ ಮನೆಗಳ ಯಾವ ಗಂಡುಹುಡುಗನೂ ತೆಗೆಯದಷ್ಟು ಮಾರ್ಕು ತೆಗೆದಿದ್ದಳು. ಬಿಜಾಪುರದಲ್ಲಿ ಕ್ರೈಸ್ತ ಹುಡುಗಿಯರಿಗೆ ಒಂದು ಬೋರ್ಡಿಂಗ್ ಇತ್ತು. ಅಲ್ಲಿ ಜಾಗ ಸಿಕ್ಕರೆ ಊಟ, ವಸತಿ, ಹೈಸ್ಕೂಲು ಎಲ್ಲ ಆಗುತ್ತಿತ್ತು. ಜಾಗ ಸಿಗಬೇಕಾದರೆ ನಡತೆ ಒಳ್ಳೆಯದೆಂದು ಸಭೆಯ ಹಿರಿಯನ ಪತ್ರ ಬೇಕು, ಅದು ಸಾಲೆ ಸುರುವಾಗುವ ಮೊದಲು ಮುಟ್ಟಬೇಕು.

ಪಾದ್ರಿಗಳು ಹೋಗಿ ಎರಡು ವಾರವಾದ ಮೇಲೆ ತಾಯಿ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು ಕೇಳಿದಳು. "ಅಣ್ಣಾವ್ರ, ಒಂದು ಚೀಟಿ ಬರದು ಕೊಟ್ರ ಹುಡುಗಿ ಪಾರಾಗ್ತಾಳ. ಇಲ್ಲಾಂದ್ರ ಮುದ್ದೇಬಿಹಾಳದಾಗ ನಮ್ಮಣ್ಣ ತನ್ನ ಮಗಗ ಕೊಡು ಅಂತ ಕುಂತಾನ. ಆ ಹುಡುಗ ಮೂರನೇತ್ತಾ ಪಾಸಾಗಿಲ್ರಿ."

"ಬರೀತೇನಿ ಹೋಗವ್ವ," ಅಂದೆ. ಬರೆಯುವವನೇ ಇದ್ದೆ.

ಮುಂದಿನ ರವಿವಾರ ಚರ್ಚೆ. ಅಷ್ಟರಲ್ಲಿ ಸಿನಿಮಾ ಸಿಂದಗಿಯ ಟೆಂಟಿಗೆ ಬಂದು ನಾಲ್ಕು ದಿನವಾಗಿತ್ತು. ಟಾಂಗಾದವನು ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು, ತಾಯಂದಿರು ಎರಡೆರಡು ಕರವಸ್ತ್ರ ತರಬೇಕೆಂದು ಓಣಿ ಓಣಿ ಸಾರಿದ್ದ. ಹದಿನಾರು ಮಕ್ಕಳು ಜಮಖಾನದ ಮೇಲೆ ಕೂತಿದ್ದರು. ಅವರಲ್ಲಿ ಯಾರೂ ಸಿನಿಮಾ ನೋಡಿರಲಿಲ್ಲ, ಯಾಕೆಂದರೆ ನೋಡುವುದು ಪಾಪ. ಆದರೆ ನಾನು ಕೈಯಲ್ಲಿ ಹಾಡಿನ ಪುಸ್ತಕ ಹಿಡಿದು ಕಥೆ ಹೇಳತೊಡಗಿದಾಗ ಒಂದು ಕಡೆ ಕಥೆ ಹಿಂದು ಮುಂದಾಯಿತು. ಮುಂದಿನ ಸಾಲಿನ ಒಬ್ಬ ಚಿಕ್ಕ ಹುಡುಗ, "ಅದಕ್ಕೂ ಮದಲ ಮುದುಕಿ ಬಿದ್ದು ಕಾಲು ಮುರಕೋತಾಳ್ರಿ," ಅಂದುಬಿಟ್ಟು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಕೇಳಿಸದವನಂತೆ ಮುಂದುವರಿದೆ. ಕಥೆ ಹೇಳುವುದರಲ್ಲಿ ನನಗೆ ಅಷ್ಟು ಸುಖ ಹತ್ತಿತ್ತು. ಇಟ್ಟಿಗೆ ಭಟ್ಟಿಗೆ ಬಂದಾಗ ಎದ್ದು ನಿಂತೆ. ರೊಟ್ಟಿ ಮುರಿಯುವುದನ್ನು ಕೈಯಿಂದಲೇ ಮಾಡಿ ತೋರಿಸಿದೆ.

ಆ ಹಾಳೆಯ ಹತ್ತು ಪ್ರಶ್ನೆಗಳು ನನಗೆ ಹಿಡಿಸಿರಲಿಲ್ಲ. ನನ್ನದೇ ಒಂದು ಪ್ರಶ್ನೆ ಮಾಡಿಕೊಂಡಿದ್ದೆ: ಈ ಸಿನಿಮಾದಲ್ಲಿ ಹತ್ತು ಆಜ್ಞೆಗಳಲ್ಲಿ ಎಷ್ಟನ್ನು ಮುರಿದರು? ಮಕ್ಕಳು ಬೆರಳು ಮಡಚಿ ಎಣಿಸತೊಡಗಿದರು. ಕಳವು ಒಂದು. ಸುಳ್ಳುಸಾಕ್ಷಿ ಎರಡು. ಅತ್ತೆಗೆ ಎದುರು ಮಾತನಾಡಿದ್ದು ಮೂರು.

"ಹೀರೋಯಿನ್ ತ್ವಾಟದಾಗ ಕುಣದದ್ದು ಯಾವ ಆಜ್ಞಾರಿ?" ಎಂದು ಒಬ್ಬ ಕೇಳಿದ.

"ಅದು ಹತ್ತರಾಗ ಬರೂದಿಲ್ಲ."

"ಹಂಗಾರ ಕುಣೀಬಹುದಾ?"

ಅವನ ತಲೆಗೆ ಒಂದು ಮೊಟಕಿ ಮುಂದೆ ಹೋದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಯಾರದು ಎಂದು ಕೇಳಿದೆ. ಎಲ್ಲರೂ ತಮ್ಮನ ಹೆಂಡತಿಯದು ಅಂದರು. ಆಯಾಳ ಮಗಳು ಕೈ ಎತ್ತಿದಳು.

"ತಮ್ಮಂದು ಅಂತೇನ್ರಿ ನಾನು. ಸರಾ ಎಲ್ಲಿ ಐತಿ ಅಂತ ಗೊತ್ತಿದ್ದೂ ಸುಮ್ಮ ನಿಂತ. ಆಕಿ ಕೆಟ್ಟಾಕೀನ ಇದ್ಲು ಬಿಡ್ರಿ. ಇಂವಾ ಒಳ್ಳೆಂವ ಅನಿಸಿಕೊಂಡು ಹಂಗ ಮಾಡಿದ."

"ಶಾಣ್ಯಾಕಿ," ಅಂದೆ. ಉಳಿದವರಿಗೂ ಹೇಳಿದೆ, ನೋಡ್ರಿ ಹಿಂಗ ವಿಚಾರ ಮಾಡಬೇಕು ಎಂದು. ಆ ಉತ್ತರವನ್ನು ಪಾದ್ರಿಗಳಿಗೆ ನನ್ನದೇ ಎಂಬಂತೆ ಹೇಳಬೇಕೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೂ ಆಯಿತು. ಹುಡುಗಿ ಕೂಡಲಿಲ್ಲ.

"ಮಾಸ್ತರ, ಒಂದು ಕೇಳಲ್ಯಾ?"

"ಕೇಳವ್ವ."

"ಹಾಡಿನ ಪುಸ್ತಕದಾಗ ಅಣ್ಣ ಮನಿ ಬಿಡೂತನಾ ಅಷ್ಟ ಕಥಿ ಐತ್ರಿ. ಉಳದದ್ದು ಬೆಳ್ಳಿ ತೆರಿ ಮ್ಯಾಲ ನೋಡ್ರಿ ಅಂತ ಬರದಾರ. ಆ ರೊಟ್ಟಿ ಕೊಟ್ಟದ್ದು ನಿಮಗ ಹೆಂಗ ಗೊತ್ತಾತ್ರಿ?"

ಅವಳು ಚುಚ್ಚಿ ಕೇಳಲಿಲ್ಲ. ಇದನ್ನು ನಾನು ಎಷ್ಟೋ ವರ್ಷ ಬೇರೆ ರೀತಿ ನೆನಪಿಟ್ಟುಕೊಳ್ಳಲು ನೋಡಿದ್ದೇನೆ, ಆಗಿಲ್ಲ. ತಿಳಿಯಬೇಕೆಂದೇ ಕೇಳಿದಳು. ಹಾಡಿನ ಪುಸ್ತಕಗಳೆಲ್ಲ ಹಾಗೆಯೇ ಇರುತ್ತಿದ್ದವು, ಅರ್ಧ ಕಥೆ ಹೇಳಿ ಟೆಂಟಿನ ದಾರಿ ತೋರಿಸುತ್ತಿದ್ದವು. ಹತ್ತಾರು ಪುಸ್ತಕ ಓದಿದ್ದ ನನಗೇ ಅದು ಹೊಳೆದಿರಲಿಲ್ಲ.

ನೋಡೇನವ್ವ, ಎರಡು ಸಲ ನೋಡೇನಿ, ಅಂದಿದ್ದರೆ ಏನಾಗುತ್ತಿತ್ತು? ಮಕ್ಕಳು ನಗುತ್ತಿದ್ದರು. ನಾನೂ ನಗಬಹುದಿತ್ತು. ಆ ಮೇಲೆ ಅವರೂ ತಾವು ನೋಡಿದ್ದನ್ನು ಹೇಳುತ್ತಿದ್ದರು, ಪಾದ್ರಿಗಳು ಬಯಸಿದ್ದ ಚರ್ಚೆ ಅಲ್ಲಿಂದ ಸುರುವಾಗುತ್ತಿತ್ತು.

"ಪುಸ್ತಕದಾಗ ಎಷ್ಟು ಐತಿ ಅಂತ ನಿನಗ ಹೆಂಗ ಗೊತ್ತು?" ಅಂದೆ.

"ಓದೇನ್ರಿ."

"ಸಿನಿಮಾ?"

"ನೋಡೇನ್ರಿ. ಬಾಜೂ ಮನಿ ಗೌಡ್ತಿ ಕೂಸಿನ್ನ ಎತ್ತಿಕೊಳ್ಳಾಕ ಬಾ ಅಂತ ಕರಕೊಂಡು ಹೋಗಿದ್ಲು."

"ಮತ್ಯಾರ್ಯಾರು ನೋಡೀರಿ? ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ಮುದುಕಿಯ ಕಾಲು ಮುರಿದ ಸುದ್ದಿ ಹೇಳಿದ್ದ ಹುಡುಗ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದ. ಅವನನ್ನು ನೋಡಿದೆ, ಬಿಟ್ಟೆ. ಹುಡುಗಿಗೆ ಬಾಗಿಲ ಕಡೆ ಬೆರಳು ತೋರಿಸಿದೆ. ಅವಳು ಹೋಗಿ ತಟ್ಟಿನ ಮೇಲೆ ಕೂತಳು. ನಾನು ಮುಕ್ತಾಯದ ಪ್ರಾರ್ಥನೆ ಮಾಡಿದೆ. ಕ್ಷಮೆಯ ಬಗ್ಗೆ.

ಎಂಟು ದಿನಕ್ಕೆ ಪಾದ್ರಿಗಳು ಬಂದರು. ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯನ್ನೂ ತಾಯಿಯನ್ನೂ ನನ್ನನ್ನೂ ನಿಲ್ಲಿಸಿಕೊಂಡರು.

"ಕರಕೊಂಡು ಹೋಗ್ರಿ ಅಂತ ನಾನ ಹೇಳಿದ್ನೆಲ್ರಿ," ಅಂದರು ನನಗೆ. "ಮತ್ತ ತಟ್ಟು ಯಾಕ?"

"ನಾನು ಕರಕೊಂಡು ಹೋಗಬೇಕು ಅಂತ ಹೇಳಿದ್ರಿ. ಆಕಿ ಗೌಡ್ತಿ ಸಂಗಾಟ ಹೋಗ್ಯಾಳ್ರಿ. ತಟ್ಟಿನ ನೇಮ ರದ್ದಾತು ಅಂತ ಕಾಗದ ಏನೂ ಬಂದಿಲ್ರೆಲ್ಲ."

ಗುಮಾಸ್ತನ ಈ ಮಾತನ್ನು ದೇವರ ಸೇವಕರು ಹಾಗೇ ಬಿಟ್ಟರು. ಅವರಿಗೆ ಬಸ್ಸಿನ ಹೊತ್ತಾಗುತ್ತಿತ್ತು. ಗಡಿಯಾರ ನೋಡಿಕೊಂಡು ಮತ್ತೆ ಕೇಳಿದರು.

"ಹುಡುಗರು ಅಂತಾರ, ನೀವೂ ನೋಡೀರಂತ. ಹೌದೇನ್ರಿ?"

"ಇಲ್ರಿ. ಇಂಡಿ ಕಚೇರಿಯಾಗ ಮಂದಿ ಮಾತಾಡೂದು ಕೇಳಿದ್ದೆ."

ತೊದಲಲಿಲ್ಲ, ಬೆವರಲಿಲ್ಲ. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ನೆಲ ನೋಡಿದಳು. ಪಾದ್ರಿಗಳಿಗೆ ಸಮಾಧಾನವಾಯಿತು. "ಆತವ್ವಾ, ಮಾಸ್ತರಿಗೆ ತಪ್ಪಾತು ಅನ್ನು," ಅಂದರು ಅವಳಿಗೆ.

"ಸಿನಿಮಾ ನೋಡಿದ್ದಕ್ಕ ತಪ್ಪಾತು ಅಂತೇನ್ರಿ," ಅಂದಳು. "ಕೇಳಿದ್ದಕ್ಕ ಅನ್ನೂದಿಲ್ರಿ."

ತಾಯಿ ಅವಳ ಬೆನ್ನಿಗೆ ಗುದ್ದಿದಳು. "ಅನ್ನಲೇ. ನಿನ್ನ ಸೀಟು ಹೋಗತೈತಿ." ಹುಡುಗಿ ಅನ್ನಲಿಲ್ಲ. ಕೊನೆಗೆ ಪಾದ್ರಿಗಳೇ ತೀರ್ಮಾನ ಹೇಳಿದರು, ಮೂರು ವಾರ ತಟ್ಟು ಮುಗಿಸಲಿ, ಮುಗಿದ ದಿನ ಮಾಸ್ತರು ಪತ್ರ ಬರೆಯಲಿ. ಲೆಕ್ಕ ಹಾಕಿದರೆ ಸಾಲೆ ಸುರುವಾಗಲು ಒಂದು ವಾರ ಉಳಿಯುತ್ತಿತ್ತು. ಎಲ್ಲರಿಗೂ ನ್ಯಾಯವಾಯಿತು ಎಂಬ ಮುಖ ಮಾಡಿಕೊಂಡು ಅವರು ಬಸ್ಸು ಹತ್ತಿದರು.

ಹುಡುಗಿ ಮೂರು ವಾರ ಕೂತಳು. ಮೂರನೆಯ ರವಿವಾರ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಯೇ ಪತ್ರ ಬರೆದು ತಾಯಿಗೆ ಓದಿ ಹೇಳಿದೆ. ಒಳ್ಳೆಯ ಪತ್ರ. ವಿನಯವಂತೆ, ಬುದ್ಧಿವಂತೆ, ಸತ್ಯ ನುಡಿಯುವವಳು ಎಂದು ಬರೆದಿದ್ದೆ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಕೊಡ್ರಿ ಅಣ್ಣಾವ್ರ. ನಾನ ನಾಳೆ ಬಿಜಾಪುರಕ್ಕ ಹೋಗಿ ಮುಟ್ಟಿಸಿ ಬರ್ತೇನಿ."

"ಹಂಗ ಕೈಯಾಗ ಒಯ್ಯೂದಲ್ಲವ್ವ. ಸಭಾದ ಕಾಗದ, ಟಪಾಲಿನಾಗ ಹೋಗಬೇಕು. ನನ್ನ ಕೆಲಸಾನ ಅದು, ನನಗ ಬಿಡು."

ಮರುದಿನ ಕಚೇರಿಗೆ ಒಯ್ದೆ. ಮೇಜಿನ ಖಾನೆಯಲ್ಲಿಟ್ಟೆ. ಅಲ್ಲಿ ಅದು ಹನ್ನೊಂದು ದಿನ ಇತ್ತು. ಪ್ರತಿದಿನ ಎಷ್ಟೋ ಕಾಗದಗಳಿಗೆ ನಂಬರು ಹಾಕಿ ಹೊರಗೆ ಕಳಿಸಿದೆ. ಯಾರದೋ ಹೊಲದ ತಕರಾರು, ಯಾರದೋ ಬಾವಿಯ ಅರ್ಜಿ, ಎಲ್ಲ ಹೊತ್ತಿಗೆ ಸರಿಯಾಗಿ ಹೋದವು. ಮೋರಟಗಿಯ ಒಬ್ಬ ಮುದುಕ ಬಂದು, ನನ್ನ ಕಾಗದ ಲಗೂ ಕಳಿಸಿದ್ರಿ, ದೇವರು ನಿಮಗ ಒಳ್ಳೇದು ಮಾಡ್ಲಿ, ಎಂದು ಹೇಳಿಹೋದದ್ದೂ ಅದೇ ವಾರ.

ಯಾಕೆ ಇಟ್ಟುಕೊಂಡೆ? ಆಗ ನನಗೆ ನಾನೇ ಬೇರೆ ಬೇರೆ ಕಾರಣ ಹೇಳಿಕೊಂಡೆ. ಹುಡುಗಿ ಉದ್ಧಟಳು, ಸ್ವಲ್ಪ ಮೆತ್ತಗಾಗಲಿ. ನಾಳೆ ಕಳಿಸಿದರಾಯಿತು. ನಿಜವಾದ ಕಾರಣ ಸಣ್ಣದು. ಬೋರ್ಡಿಂಗಿನಲ್ಲಿ ಅವಳು ಯಾರ ಮುಂದಾದರೂ ಹಾಡಿನ ಪುಸ್ತಕದ ಮಾತು ಹೇಳಿದರೆ, ಅದು ಪಾದ್ರಿಗಳ ಮೇಲಿನವರಿಗೆ ಮುಟ್ಟಿದರೆ, ರವಿವಾರದ ಒಂದು ದಿನ ಮಾಸ್ತರ ಅನ್ನಿಸಿಕೊಳ್ಳುವುದು ನನಗೆ ತಪ್ಪುತ್ತಿತ್ತು. ಅಷ್ಟಕ್ಕಾಗಿ. ಮನುಷ್ಯರು ರಾಜ್ಯಕ್ಕಾಗಿ, ಬಂಗಾರಕ್ಕಾಗಿ ಕೆಟ್ಟದ್ದು ಮಾಡಿದ್ದನ್ನು ಕೇಳಿದ್ದೇನೆ. ನಾನು ಹದಿನಾರು ಮಕ್ಕಳ ಮುಂದೆ ಕೂಡುವ ಒಂದು ಮಣೆಗಾಗಿ ಮಾಡಿದೆ.

ಹನ್ನೆರಡನೆಯ ದಿನ ಹೆದರಿ ಕಳಿಸಿದೆ. ಪತ್ರ ತಡವಾಗಿ ಬಂದುದರಿಂದ ಜಾಗ ಉಳಿದಿಲ್ಲ, ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು.

"ಪೋಸ್ಟಿನವರದು ಹಿಂಗ ನೋಡವ್ವ," ಅಂದೆ ತಾಯಿಗೆ. "ಹೊತ್ತಿಗೆ ಸರಿಯಾಗಿ ಒಂದೂ ಮುಟ್ಟಸೂದಿಲ್ಲ."

ತಾಯಿ ಅದೇ ಮಳೆಗಾಲದಲ್ಲಿ ಹುಡುಗಿಯನ್ನು ಮುದ್ದೇಬಿಹಾಳಕ್ಕೆ ಕಳಿಸಿದಳು. ಎರಡು ವರ್ಷಕ್ಕೆ, ಮೂರನೆಯ ಇಯತ್ತೆ ಪಾಸಾಗದ ಆ ಹುಡುಗನೊಂದಿಗೆ ಮದುವೆಯಾಯಿತು. ಸಿಂದಗಿಯ ಸಭೆಯ ಪರವಾಗಿ ಪ್ರಾರ್ಥನೆ ಮಾಡಲು ನನ್ನನ್ನು ಕರೆದಿದ್ದರು. ಹೋದೆ. ಉದ್ದನೆಯ ಪ್ರಾರ್ಥನೆ ಮಾಡಿದೆ, ಹುಗ್ಗಿ ಉಂಡೆ, ಬಸ್ಸು ಹತ್ತಿ ಬಂದೆ. ಆ ಬಸ್ಸು ತಪ್ಪಲಿಲ್ಲ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಕಡೆಯ ದಿನಗಳಲ್ಲಿ ಒಮ್ಮೆ, "ಆ ಆಯಾನ ಮಗಳ ಚೀಟಿ ನೀವ ಇಟ್ಟುಕೊಂಡಿದ್ರೆಲ್ಲ?" ಎಂದು ಕೇಳಿದಳು. ನಾನು ಹೌದು ಅನ್ನುವಷ್ಟರಲ್ಲಿ ಅವಳು ಗೋಡೆಯ ಕಡೆ ತಿರುಗಿಯಾಗಿತ್ತು. ಅವಳಿದ್ದಾಗ ಹೇಳಲಾಗದ್ದನ್ನು ಅವಳಿಲ್ಲದಾಗ ಹೇಳಲು ಹೊರಟೆ. ಹುಡುಗಿ ಎಲ್ಲಿದ್ದಾಳೆಂದು ವಿಚಾರಿಸಿದೆ. ಬಸವನ ಬಾಗೇವಾಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಗಂಡ ಸತ್ತು ಬಹಳ ವರ್ಷವಾಯಿತು ಎಂದರು.

ಹೋದಾಗ ಮುಂಜಾನೆ ಹತ್ತರ ಹೊತ್ತು. ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು, ಅವುಗಳ ಹಿಂದೆ ಹೆಂಗಸರ ಸಾಲು. ಹುಬ್ಬಿನವರೆಗೆ ಹಿಟ್ಟು ಹತ್ತಿದ ಅರವತ್ತು ದಾಟಿದ ಹೆಂಗಸೊಬ್ಬಳು ನನ್ನನ್ನು ಒಂದು ಕ್ಷಣ ನೋಡಿದಳು.

"ಬರ್ರಿ ಮಾಸ್ತರ. ಜ್ವಾಳಾ ತಂದೀರೇನು?"

"ಮಾತಾಡೂದಿತ್ತವ್ವ."

"ಗಿರಣಿ ನಿಂದರ್ಸಿದ್ರ ಇವರೆಲ್ಲಾ ನನಗ ಬೈತಾರ. ಜೋರಲೆ ಮಾತಾಡ್ರಿ."

ಬಸ್ಸಿನಲ್ಲಿ ಬರುವಾಗ ನಾನು ಮೆತ್ತಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಆ ಸಪ್ಪಳದಲ್ಲಿ ಅವು ಯಾವುವೂ ಉಪಯೋಗಕ್ಕೆ ಬರಲಿಲ್ಲ. ಹತ್ತು ಹೆಂಗಸರ ಮುಂದೆ ಒದರಿ ಹೇಳಬೇಕಾಯಿತು, ನಿನ್ನ ಬೋರ್ಡಿಂಗಿನ ಚೀಟಿ ನಾನ ಹನ್ನೊಂದು ದಿನ ಇಟ್ಟುಕೊಂಡಿದ್ದೆ, ಪೋಸ್ಟಿನವರ ತಪ್ಪಲ್ಲ, ಎಂದು. ಮೊದಲ ಸಲ ಕೇಳಿಸಲಿಲ್ಲ ಎಂದು ಕೈ ಮಾಡಿದಳು. ಎರಡನೆಯ ಸಲ ಒದರಿದೆ. ಅವಳು ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು.

"ಗೊತ್ತೈತ್ರಿ," ಅಂದಳು. "ನೀವು ಚೀಟಿ ಬರದ ಮರುದಿನಾನ ಅವ್ವ ಪೋಸ್ಟಿಗೆ ಹೋಗಿ ಕೇಳಿದ್ಲು. ಬಿಜಾಪುರದ ಬೋರ್ಡಿಂಗಿಗೆ ಸಿಂದಗಿಯಿಂದ ಎಷ್ಟು ಕಾಗದ ಹೋಗ್ತಾವ? ಒಂದೂ ಬಂದಿಲ್ಲ ಅಂದ್ರು. ನಾಕು ದಿನ ಹೋಗಿ ಹೋಗಿ ಕೇಳಿದ್ಲು."

"ಮತ್ತ ನನ್ನ ಕೇಳಲಿಲ್ಲ?"

"ನಿಮಗ ಕೇಳಿದ್ರ ಏನಾಗತೈತಿ ಅಂತ ಒಮ್ಮೆ ನೋಡಿದ್ವೆಲ್ಲ."

ಸಾಲಿನಲ್ಲಿದ್ದ ಹೆಂಗಸರು ಹತ್ತಿರ ಬಂದು ಕೇಳುತ್ತಿದ್ದರು. ಯಾರೂ ಗಿರಣಿ ನಿಂತದ್ದಕ್ಕೆ ಬೈಯಲಿಲ್ಲ.

"ಚೀಟಿ ಮಾತು ಇರ್ಲಿ," ಅಂದಳು. "ಸಿನಿಮಾ ನೋಡಿದ್ರೋ ಇಲ್ಲೋ?"

"ನೋಡಿದ್ದೆ."

"ಎಷ್ಟು ಸಲ?"

"ಎರಡು."

ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಇವಳು ನಗಲಿಲ್ಲ. ಕ್ಷಮಿಸು ತಾಯಿ ಅಂದೆ.

"ನಾ ಹುಡುಗರ ಮುಂದ ಕೇಳಿದ್ನಿ. ನೀವು ಗಿರಣಿಗೆ ಬಂದು ಹೇಳಾಕತ್ತೀರಿ. ಹುಡುಗರ ಮುಂದ ಹೇಳ್ರಿ."

"ಆ ಹುಡುಗರೆಲ್ಲಾ ಈಗ ಮುದುಕರಾಗ್ಯಾರವ್ವ."

"ಈಗ ಹುಡುಗರ ಹುಟ್ಟೂದಿಲ್ಲೇನು ಸಿಂದಗಿಯಾಗ? ಹೇಳಿ ಬರ್ರಿ. ಕ್ಷಮಾದ ಮಾತು ಆಮ್ಯಾಲ ನೋಡೂಣು." ಗುಂಡಿ ಒತ್ತಿದಳು. ಮುಂದಿನ ಡಬ್ಬಿ ಎತ್ತಿ ಜೋಳ ಸುರಿದಳು.

ಸಿಂದಗಿಯ ಪ್ರಾರ್ಥನಾಲಯ ಈಗ ಸಿಮೆಂಟಿನದು. ತಟ್ಟು ಇಲ್ಲ, ಎಲ್ಲರಿಗೂ ಖುರ್ಚಿ. ಮಕ್ಕಳ ಸಾಲೆಯಲ್ಲಿ ಗೋಡೆಗೆ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರೆ, ನಡುವೆ ಬಿಸ್ಕೀಟು ಕೊಡುತ್ತಾರೆ, ಆಮೇಲೆ ಚರ್ಚೆ ಮಾಡಿಸುತ್ತಾರೆ. ಒಂದು ಸಲ ಹಿಂದೆ ಕೂತು ಕೇಳಿದೆ, ಪ್ರಶ್ನೆಗಳು ಸುಮಾರು ಅವೇ. ಊಟದ ಮೇಜೂ ಇತ್ತು. ಈಗಿನ ಪಾದ್ರಿ ಹರೆಯದವರು. ನಾನು ಬರೆದು ಒಯ್ದದ್ದನ್ನು ಓದಿ ಅವರಿಗೆ ಕಸಿವಿಸಿಯಾಯಿತು.

"ಅಜ್ಜಾರ, ಹುಡುಗರ ಮನಸಿನ ಮ್ಯಾಲ ಪರಿಣಾಮ ಆಗತೈತ್ರಿ. ಹಿರಿಯರ ಮ್ಯಾಲಿನ ಗೌರವ ಹೋಗತೈತಿ."

"ಹೋಗ್ಲಿ ಅಂತನ ಬರದೇನ್ರಿ."

ಬಹಳ ಮಾತಾದ ಮೇಲೆ, ಯಾರ ಹೆಸರೂ ಬೇಡ, ಹಾಗಾದರೆ ಓದಬಹುದು ಅಂದರು. ಅದಕ್ಕೇ ಇದರಲ್ಲಿ ಹೆಸರಿಲ್ಲ. ಅವಳ ಹೆಸರನ್ನು ನಾನೇ ತೆಗೆಯುತ್ತಿದ್ದೆ. ನನ್ನದನ್ನು ಅವರು ತೆಗೆಸಿದರು. ಓದುವವನ ಮುಖ ಹುಡುಗರ ಮುಂದೆಯೇ ಇರುವಾಗ ಅದರಿಂದ ಏನು ಉಳಿಯಿತೋ ನನಗೆ ತಿಳಿಯಲಿಲ್ಲ.

ಕಳೆದ ರವಿವಾರ ಗಿರಣಿಯ ಮಾತಿನವರೆಗೆ ಓದಿದೆ, ಉಳಿದದ್ದು ಆಮೇಲೆ ಬರೆದದ್ದು. ಹನ್ನೆರಡು ಮಕ್ಕಳು. ತೋಟದಲ್ಲಿ ಕುಣಿದ ಹೀರೋಯಿನ್ನಿಗೆ ನಕ್ಕರು, ಟವೆಲ್ಲಿಗೆ ನಕ್ಕರು. ಪೋಸ್ಟಿನವರ ಮಾತು ಬಂದಾಗ ನಗು ನಿಂತಿತು. ಓದಿ ಮುಗಿಸಿ, ಕೇಳುವುದಿದ್ದರೆ ಕೇಳಿರಿ ಅಂದೆ. ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಮುಂದಿನ ವರ್ಷರೆ ಆಕಿಗೆ ಸೀಟು ಸಿಕ್ಕಿತೇನ್ರಿ ಅಜ್ಜಾ?"

"ಇಲ್ಲವ್ವ. ಸಿಗಲಿಲ್ಲ. ಯಾರೂ ಕೇಳಲಿಲ್ಲ."

"ನೀವರೆ ಕೇಳಬೇಕಿತ್ತು. ನೀವು ಆಮ್ಯಾಲ ಏನ್ ಮಾಡಿದ್ರಿ?"

ಪಾದ್ರಿಗಳು ನನ್ನನ್ನು ಉಳಿಸಲು ಎದ್ದು ನಿಂತರು. ನಾನು ಕೈ ತೋರಿಸಿ ಕೂಡಿಸಿದೆ.

"ಮುಂದಿನ ಐತವಾರ ಬಂದು ಪಾಠಾ ಮಾಡಿದೆ," ಅಂದೆ. "ಇಪ್ಪತ್ತೆರಡು ವರ್ಷ ಮಾಡಿದೆ. ಇಲ್ಲೇ, ಈ ಜಾಗಾದಾಗ."

ಹುಡುಗಿ ನನ್ನನ್ನು ನೋಡುತ್ತ ನಿಂತೇ ಇದ್ದಳು. ಕೂಡು ಎಂದು ನಾನು ಹೇಳಲಿಲ್ಲ.